ಶೈಲ ಮಾಸಿಯ ಗಂಡನನ್ನು ಹುಡುಕಿಕೊಂಡು

ಸಿಂಧನೂರು

ಪರದೇಶಕ್ಕೆ ಹೋಗಿ ಬಂದವರು ಮೊದಲು ವಿಮಾನದ ವಿಷಯ ಹೇಳಬೇಕಂತೆ. ವಿಮಾನದಲ್ಲಿ ನನಗೆ ನೆನಪಿರುವುದು ಕಿವಿನೋವು ಒಂದೇ. ಆದ್ದರಿಂದ ನಮ್ಮ ಅಕ್ಕಿ ಗಿರಣಿಯಿಂದ ಶುರು ಮಾಡುತ್ತೇನೆ. ನನ್ನ ಪ್ರವಾಸ ನಿಜಕ್ಕೂ ಹೊರಟದ್ದು ಅಲ್ಲಿಂದಲೇ.

ನಮ್ಮಪ್ಪನ ಗಿರಣಿ ಸಿಂಧನೂರಿನಲ್ಲಿ, ಗಂಗಾವತಿಗೆ ಹೋಗುವ ರಸ್ತೆಯಲ್ಲಿತ್ತು. ಕಾಲುವೆಗೆ ನೀರು ಬಂದು ಜೋಳದ ಸೀಮೆ ಭತ್ತದ ಸೀಮೆಯಾದ ಮೇಲೆ ಕಟ್ಟಿಸಿದ್ದು. ಸುಗ್ಗಿಯಲ್ಲಿ ದಢೇಸುಗೂರು, ಮುಕ್ಕುಂದದ ಕಡೆಯಿಂದ ಭತ್ತದ ಗಾಡಿಗಳು ಬಂದು ಸಾಲು ಹಿಡಿಯುತ್ತಿದ್ದವು. ಅಕ್ಕಿ ಕೇರಲು, ನುಚ್ಚು ಬೇರೆ ಮಾಡಲು ಆರ್.ಎಚ್. ಕ್ಯಾಂಪುಗಳ ಬಂಗಾಲಿ ಹೆಂಗಸರು ಬರುತ್ತಿದ್ದರು. ಪೂರ್ವ ಬಂಗಾಲದಿಂದ ಓಡಿಬಂದವರಿಗೆ ಸರ್ಕಾರ ಭೂಮಿ ಕೊಟ್ಟು ಕೂಡಿಸಿದ ಊರುಗಳು ಅವು. ಆ ಹೆಂಗಸರಲ್ಲಿ ಶೈಲಬಾಲಾ ಒಬ್ಬಳು. ನಾನು ಅವಳನ್ನು ಶೈಲ ಮಾಸಿ ಎನ್ನುತ್ತಿದ್ದೆ. ಮಾಸಿ ಎಂದರೆ ಅವರಲ್ಲಿ ಅವ್ವನ ತಂಗಿ. ಮಾಸಿ ಎಡಗೈಯವಳು. ಎಲ್ಲರ ಮೊರ ಒಂದು ಕಡೆ ಕುಣಿದರೆ ಇವಳ ಮೊರ ಇನ್ನೊಂದು ಕಡೆ ಕುಣಿಯುತ್ತಿತ್ತು, ಹೊಟ್ಟು ಪಕ್ಕದವಳ ಮುಖಕ್ಕೆ ಹಾರುತ್ತಿತ್ತು. ಗಿರಣಿಯಲ್ಲಿ ಅವಳ ಹೆಸರು ಎಡಚಿ ಎಂದೇ ಆಗಿಹೋಗಿತ್ತು. ಅವಳ ಸೆರಗು ಹಿಡಿದು ಅಡ್ಡಾಡುತ್ತ ನಾನು ಬಂಗಾಲಿ ಕಲಿತೆ.

ಅವಳು ಬಂದ ಹೊಸದರ ಒಂದು ಮಾತನ್ನು ಅವ್ವ ಎಷ್ಟೋ ಸಲ ಹೇಳಿ ನಗುತ್ತಿದ್ದಳು. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ, ಮೀನಿನ ವಾಸನೆಗೂ ಮೂಗು ಮುಚ್ಚುವವರು. ಮಾಸಿಗೆ ಇದು ಗೊತ್ತಾದಾಗ ಅವಳು ಅವ್ವನ ಕೈ ಹಿಡಿದು ಕಣ್ಣೀರು ತಂದಳಂತೆ. ಅವರಲ್ಲಿ ಮೀನು ಬಿಡುವವಳು ಗಂಡ ಸತ್ತವಳು ಮಾತ್ರ. ಆಮೇಲೆ ಅವ್ವನ ಹಣೆಯ ಕುಂಕುಮ ಕಂಡು, ಗಿರಣಿಯಲ್ಲಿ ಕುಳಿತ ಅಪ್ಪನನ್ನೂ ಕಂಡು, ಅವಳಿಗೆ ತಲೆ ಕೆಟ್ಟುಹೋಯಿತಂತೆ.

ಮಾಸಿ ಮಾತ್ರ ದಿನವೂ ಮೀನು ತಿನ್ನುತ್ತಿದ್ದಳು. ಏನೂ ಸಿಗದ ದಿನ ಒಣಮೀನಿನ ಒಂದು ಚೂರಾದರೂ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಕೈಯಲ್ಲಿ ಶಂಖದ ಬಿಳಿ ಬಳೆ, ಬೈತಲೆಯಲ್ಲಿ ಸಿಂಧೂರ. ಗಂಡ ಮಾತ್ರ ಇರಲಿಲ್ಲ. ಹಿಂದೂ ಮುಸ್ಲಿಂ ಗಲಾಟೆಯ ಕಾಲದಲ್ಲಿ ಅವರ ಊರಿನವರು ಹೆಂಗಸರನ್ನೂ ಮುದುಕರನ್ನೂ ದೋಣಿಗಳಲ್ಲಿ ಹತ್ತಿಸಿ ಗಡಿಯ ಕಡೆ ಕಳಿಸಿದ್ದರು. ಅವಳ ಗಂಡ ನಿಬಾರಣ, ಕೊಯ್ಲು ಮುಗಿಸಿ, ದನ ಮಾರಿ ಹಿಂದೆಯೇ ಬರುತ್ತೇನೆಂದು ದಡದಲ್ಲಿ ನಿಂತನಂತೆ. ಆಗ ಅವಳಿಗೆ ಮದುವೆಯಾಗಿ ವರ್ಷವೂ ತುಂಬಿರಲಿಲ್ಲ. ಅವಳೂ ಅವಳ ತಮ್ಮನೂ ಗಡಿ ದಾಟಿದರು, ರೈಲು ಹತ್ತಿದರು, ಹೆಸರೂ ಕೇಳದ ಸಿಂಧನೂರಿಗೆ ಬಂದು ಬಿದ್ದರು. ಅವನ ಸುದ್ದಿ ಮತ್ತೆ ಬರಲಿಲ್ಲ.

ಅವರಲ್ಲಿ ಒಂದು ಪದ್ಧತಿ ಇದೆ. ಕಾಣೆಯಾದವರು ಹನ್ನೆರಡು ವರ್ಷ ಬರದಿದ್ದರೆ ದರ್ಭೆಯಲ್ಲಿ ಅವರ ಗೊಂಬೆ ಮಾಡಿ ಸುಡುತ್ತಾರೆ. ಅಲ್ಲಿಗೆ ಆ ಜೀವ ಸತ್ತಂತೆ. ತಿಥಿ ಮಾಡಬಹುದು, ಹೆಂಡತಿ ಬಳೆ ತೆಗೆಯಬೇಕು. ಹನ್ನೆರಡು ಕಳೆದಾಗ ತಮ್ಮ ಹೇಳಿದ, ಕ್ಯಾಂಪಿನ ಹಿರಿಯರೂ ಹೇಳಿದರು. ಮಾಸಿ ಒಪ್ಪಲಿಲ್ಲ. ಗಿರಣಿಯಲ್ಲಿ ಕಲಿತ ಕನ್ನಡದಲ್ಲಿ ನಮ್ಮವ್ವನ ಮುಂದೆ ಹೇಳಿದ್ದಳು, "ಹುಲ್ಲು ಸುಟ್ರ ಗಂಡ ಸಾಯ್ತಾನೇನ್ರಿ ಅಕ್ಕಾ?"

ತೊಂಬತ್ತರ ದಶಕದ ಮೊದಲಲ್ಲಿ ನನಗೆ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯದಲ್ಲಿ ಓದಲು ವಿದ್ಯಾರ್ಥಿವೇತನ ಸಿಕ್ಕಿತು. ವಿಷಯ ಮಾನವ ಹಕ್ಕುಗಳು ಮತ್ತು ಮಾನವೀಯ ನೆರವಿನ ನೀತಿ. ಇದನ್ನು ಮನೆಯವರಿಗೆ ತಿಳಿಸುವುದೇ ಒಂದು ಪರೀಕ್ಷೆಯಾಯಿತು.

"ಹಕ್ಕು ಓದಾಕ ಅಷ್ಟು ದೂರ ಯಾಕ ಹೋಗ್ತೀಬೇ?" ಎಂದ ಅಪ್ಪ. "ನಿಮ್ಮ ಕಾಕಾನ ಹತ್ರ ಲಿಂಗಸೂಗೂರಿಗೆ ಹೋಗು, ಎಂಟು ದಿನದಾಗ ಕಲಿಸ್ತಾನ."

ಕಾಕಾ ಲಿಂಗಸೂಗೂರಿನ ಕೋರ್ಟಿನಲ್ಲಿ ವಕೀಲ. ಅವನು ಗಂಭೀರವಾಗಿಯೇ ಹೇಳಿದ, "ನೋಡವ್ವಾ ಮಹಾದೇವಿ, ಹಕ್ಕು ಅಂದ್ರ ಪಹಣಿಯಾಗ ಹೆಸರು ಇರಾದು. ಹೆಸರಿಲ್ಲಂದ್ರ ನೀ ಎಷ್ಟು ಓದಿದ್ರೂ ಹಕ್ಕಿಲ್ಲ."

ಓದಿನ ಕೊನೆಗೆ ಎರಡು ತಿಂಗಳು ಬೇರೆ ದೇಶದಲ್ಲಿ ಕ್ಷೇತ್ರಕಾರ್ಯ ಮಾಡಬೇಕಿತ್ತು. ನಾನು ಮೊದಲೇ ಬಾಂಗ್ಲಾದೇಶ ಎಂದು ಬರೆದುಕೊಟ್ಟಿದ್ದೆ. ಇದು ಮಾಸಿಯ ಕಿವಿಗೆ ಹೇಗೆ ಬಿತ್ತೋ, ನಾನು ಹೊರಡುವ ಹಿಂದಿನ ದಿನ ಮೊರ ಕೆಳಗಿಟ್ಟು ಬಂದಳು.

"ನಮ್ಮೂರಿಗಿ ಹೋಗ್ತೀಯಂತಲ್ಲ ಮಾ?" ಅವರಲ್ಲಿ ಹೆಣ್ಣುಮಕ್ಕಳನ್ನು ಪ್ರೀತಿಯಿಂದ ಮಾ ಎಂದೇ ಕರೆಯುವುದು. "ನದಿ ಎರಡು ಸೀಳಾಗೂವಲ್ಲಿ ದೊಡ್ಡದೊಂದು ಗಾಬಿನ ಮರ ಐತಿ, ಅದರ ಬುಡಕ್ಕ ಕಾಳಿ ಗುಡಿ. ಅಲ್ಲಿ ಯಾರನ್ನ ಕೇಳಿದ್ರೂ ನಿಬಾರಣ ಮಂಡಲನ ಮನಿ ತೋರಿಸ್ತಾರ. ಇದ್ರ ಇದ್ದಾನಂತ ಹೇಳು, ಸತ್ರ ಸತ್ತಾನಂತ ಹೇಳು. ನಡುವಿನ ಮಾತು ಹೊತ್ಕೊಂಡು ಬರಬ್ಯಾಡ."

"ಸತ್ತಿದ್ರ?" ಎಂದೆ.

"ಬಳಿ ತೆಗೀತೀನಿ, ಮೀನ ಬಿಡ್ತೀನಿ. ನಿಮ್ಮವ್ವನಂಗ ಬದನಿಕಾಯಿ ತಿಂತೀನಿ," ಎಂದು ನಕ್ಕಳು. ಆ ನಗೆಗೆ ನಾನು ಹೂಂ ಎಂದುಬಿಟ್ಟೆ.

ಇಂಗ್ಲೆಂಡ್

ವಿಮಾನ ನಿಲ್ದಾಣದಲ್ಲಿ ನನ್ನ ಪೆಟ್ಟಿಗೆ ತೆರೆಸಿದರು. ಒಳಗೆ ಅವ್ವ ಕಟ್ಟಿದ ಖಡಕ್ ಜೋಳದ ರೊಟ್ಟಿಯ ಎರಡು ಗಂಟು. ಅಧಿಕಾರಿ ಒಂದು ರೊಟ್ಟಿ ಎತ್ತಿ ಬೆರಳ ಗಿಣ್ಣಿನಿಂದ ಬಾಗಿಲು ತಟ್ಟುವಂತೆ ತಟ್ಟಿದ. ಬೆಳಕಿಗೆ ಹಿಡಿದ. ಇದು ಏನು ಎಂದ. ಊಟ ಎಂದೆ. ನಂಬಲಿಲ್ಲ. ಕೊನೆಗೆ ನಾನೇ ಒಂದು ಚೂರು ಮುರಿದು ಅವನೆದುರು ತಿಂದು ತೋರಿಸಿದೆ. ಆ ಸಪ್ಪಳಕ್ಕೆ ಹಿಂದೆ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಹೋಗು ಎಂದ.

ಆ ದೇಶದ ಜನ ಭಾಳ ಒಳ್ಳೆಯವರು. ಅವರ ಕಾಲು ನಾವು ತುಳಿದರೂ ಅವರೇ ಕ್ಷಮೆ ಕೇಳುತ್ತಾರೆ. ಆದರೆ ಏನನ್ನೂ ವಿಚಾರಿಸುವುದಿಲ್ಲ. ಸಿಂಧನೂರಿನಿಂದ ಮಸ್ಕಿಗೆ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಪಕ್ಕದಲ್ಲಿ ಕುಳಿತವರಿಗೆ ನಮ್ಮ ಮೂರು ತಲೆಮಾರು ಗೊತ್ತಾಗಿರುತ್ತದೆ. ಯಾರ ಮಗಳು, ಯಾವ ಮಠದವರು, ಇನ್ನೂ ಯಾಕೆ ಮದುವೆಯಿಲ್ಲ, ಎಲ್ಲ. ನಾನು ಬಾಡಿಗೆಗಿದ್ದ ಮನೆಯ ಒಡತಿ ಇಡೀ ಚಳಿಗಾಲ ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ, ಕಿಟಕಿ ತೆರೆಯಲೇ ಮುಚ್ಚಲೇ. ಮೊದಮೊದಲು ಹಾಯೆನಿಸಿತು. ಆಮೇಲಾಮೇಲೆ ಯಾರಾದರೂ ನನ್ನ ಅಪ್ಪನ ಹೆಸರಾದರೂ ಕೇಳಬಾರದೇ ಎನಿಸತೊಡಗಿತು.

ನಮಗೆ ಪಾಠ ಮಾಡುತ್ತಿದ್ದ ಮೇಡಂ ಎತ್ತರದ ಹೆಂಗಸು. ತರಗತಿಗೆ ತಮ್ಮ ಮುದಿ ನಾಯಿಯನ್ನು ಕರೆತರುತ್ತಿದ್ದರು. ನಾವು ಯುದ್ಧ, ಬರ, ವಲಸೆ ಎಂದು ಮಾತಾಡುವಾಗ ಅದು ಮೇಜಿನ ಕೆಳಗೆ ಗೊರಕೆ ಹೊಡೆಯುತ್ತಿತ್ತು. ನಮ್ಮ ಊರಿನ ಶಾಲೆಯಲ್ಲಿ ನಾಯಿ ಒಳಗೆ ಬಂದರೆ ಪಾಠವೇ ನಿಂತುಹೋಗುತ್ತಿತ್ತು, ಇಲ್ಲಿ ಅದರ ನಿದ್ದೆ ಕೆಡದಂತೆ ನಾವೇ ದನಿ ಇಳಿಸಬೇಕು.

ಒಂದು ದಿನ ನಿರಾಶ್ರಿತರ ಕ್ಯಾಂಪು ಎಂದರೆ ಏನೆಂದು ಒಬ್ಬೊಬ್ಬರೂ ಹೇಳಬೇಕಾಯಿತು. ಉಳಿದವರೆಲ್ಲ ಗುಡಾರ, ನೀರಿನ ಲಾರಿ, ಗಂಜಿಯ ಸಾಲು ಎಂದರು. ನಾನು, ಭತ್ತದ ಗದ್ದೆ, ಟ್ರ್ಯಾಕ್ಟರು, ದುರ್ಗಾಪೂಜೆಯ ಚಂದಾ ಎಂದೆ. ಎಲ್ಲರೂ ನಕ್ಕರು. ಇಪ್ಪತ್ತು ವರ್ಷ ಮೀರಿದ ಕ್ಯಾಂಪು ಊರೇ ಆಗಿಬಿಡುತ್ತದೆ ಎಂದು ವಿವರಿಸಿದೆ. ಆಗ ಮೇಡಂ ಕೇಳಿದರು, "ಹಾಗಾದರೆ ಅಲ್ಲಿ ಇನ್ನು ಯಾರೂ ಏನಕ್ಕೂ ಕಾಯುತ್ತಿಲ್ಲವೇ?"

ಶೈಲ ಮಾಸಿಯ ಕಥೆ ಹೇಳಿದೆ. ಮೇಡಂ ಹಲಗೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದರು. ತಿಳಿಯುವ ಹಕ್ಕು. ಕಾಣೆಯಾದವರು ಇದ್ದಾರೋ ಇಲ್ಲವೋ ಎಂದು ತಿಳಿಯುವುದು ಮನೆಯವರ ಹಕ್ಕು ಎಂದು ನಾವು ಪುಸ್ತಕಗಳಲ್ಲಿ ಓದಿದ್ದೆವು, ಅದಕ್ಕೆ ಇಲ್ಲಿ ಒಂದು ಹೆಸರು, ಒಂದು ಮೊರ ಸಿಕ್ಕಿತ್ತು. ನನಗೆ ಎದೆಯುಬ್ಬಿತು. ಕಾಕಾನ ಪಹಣಿಗಿಂತ ದೊಡ್ಡ ಹಕ್ಕೊಂದನ್ನು ನಾನು ಮಾಸಿಗಾಗಿ ಹಿಡಿದು ತರುತ್ತೇನೆ ಎಂದುಕೊಂಡೆ.

ಕ್ಷೇತ್ರಕಾರ್ಯಕ್ಕೆ ಹೊರಡುವ ಮುನ್ನ ಮೇಡಂ ನನ್ನ ಪ್ರಶ್ನಾವಳಿಯನ್ನು ತಿದ್ದಿಕೊಟ್ಟರು. ಎಲ್ಲೂ ಯಾರಿಗೂ ಕೇಡಾಗದಂತೆ ಕೇಳುವುದು ಹೇಗೆ ಎಂದು ಹೇಳಿಕೊಟ್ಟರು. ಕೊನೆಗೆ ಕೇಳಿದರು, "ಉತ್ತರ ಸಿಕ್ಕರೆ ಅದನ್ನು ಏನು ಮಾಡುತ್ತೀ?"

"ಅದು ಯಾರದೋ ಅವರಿಗೆ ಒಯ್ದು ಕೊಡುತ್ತೇನೆ," ಎಂದೆ. ಅಂಥ ಸುಲಭದ ಉತ್ತರ ನಾನು ಆ ವರ್ಷ ಬೇರೆ ಯಾವ ಪ್ರಶ್ನೆಗೂ ಕೊಟ್ಟಿರಲಿಲ್ಲ.

ಢಾಕಾ

ಢಾಕಾದಲ್ಲಿ ಇಳಿದ ಕೂಡಲೇ ನನಗೆ ಮನೆಗೆ ಬಂದಂತಾಯಿತು. ಎಲ್ಲರೂ ಎಲ್ಲವನ್ನೂ ಕೇಳಿದರು. ಸೈಕಲ್ ರಿಕ್ಷಾದವನು ನನ್ನ ವಯಸ್ಸು ಕೇಳಿದ, ಅಪ್ಪನ ವ್ಯಾಪಾರ ಕೇಳಿದ, ಅಣ್ಣತಮ್ಮಂದಿರು ಇಲ್ಲವೆಂದಾಗ ಅಯ್ಯೋ ಎಂದ. ಇಂಗ್ಲೆಂಡಿನಲ್ಲಿ ಒಣಗಿಹೋಗಿದ್ದ ನನ್ನ ಬಾಯಿ ಮತ್ತೆ ಚಾಲೂ ಆಯಿತು.

ಒಂದು ತೊಂದರೆ ಎಂದರೆ ನಾನು ಬಾಯಿ ಬಿಟ್ಟರೆ ಜನ ನಗುತ್ತಿದ್ದರು. ನಾನು ಉಳಿದುಕೊಂಡಿದ್ದ ವಸತಿಗೃಹದ ಲೆಕ್ಕಿಗ, ಅಚ್ಚುಕಟ್ಟಾದ ಮಧ್ಯವಯಸ್ಸಿನ ಮುಸ್ಲಿಂ ಗೃಹಸ್ಥ, ನಗು ತಡೆಯಲಾರದೆ ಕೇಳಿಯೇಬಿಟ್ಟ. "ನಮ್ಮಜ್ಜಿ ಹೀಗೆ ಮಾತಾಡುತ್ತಿದ್ದಳು. ಹಳ್ಳಿಯ ಹಳೇ ಮಾತು. ನೀವು ಇದನ್ನು ಎಲ್ಲಿ ಕಲಿತಿರಿ?"

"ಕರ್ನಾಟಕದ ಒಂದು ಅಕ್ಕಿ ಗಿರಣಿಯಲ್ಲಿ," ಎಂದೆ.

ಅವನು ನಗುವುದು ನಿಲ್ಲಿಸಿದ. ತನ್ನ ಜೊತೆ ಶಾಲೆಗೆ ಬರುತ್ತಿದ್ದ ಹಲವು ಹಿಂದೂ ಹುಡುಗರು ಒಂದು ವರ್ಷ ಇದ್ದಕ್ಕಿದ್ದಂತೆ ಬರಲಿಲ್ಲವೆಂದ. ಅವರು ಎಲ್ಲಿಗೆ ಹೋದರೆಂದು ಆಗ ಯಾರೂ ಹೇಳಲಿಲ್ಲವಂತೆ. ಆ ಸಂಜೆ ನನ್ನನ್ನು ಮಾಸಿಯ ಊರಿನ ಕಡೆಯ ಖುಲ್ನಾಕ್ಕೆ ಹೋಗುವ ಲಾಂಚಿಗೆ ಹತ್ತಿಸಲು ತಾನೇ ಬಂದ. ಕೈಯಲ್ಲಿ ಬಾಳೆಹಣ್ಣಿನ ಗೊನೆ. ಹಣ ಕೊಡಲು ಹೋದರೆ ಬೈದ.

ಹೊಳೆಯ ಅಗಲ ಕಂಡು ಗಾಬರಿಯಾಯಿತು. ನಮ್ಮ ಎಡದಂಡೆ ಕಾಲುವೆಯನ್ನೇ ದೊಡ್ಡ ನೀರೆಂದು ತಿಳಿದವಳು ನಾನು. ಮಾಸಿ ಕಾಲುವೆಯ ಏರಿಯ ಮೇಲೆ ನಿಂತು, ಇದೆಂಥ ನೀರು, ಎತ್ತು ಉಚ್ಚೆ ಹೊಯ್ದ ಹಾಗೆ ಎಂದು ಮೂಗು ಮುರಿಯುತ್ತಿದ್ದದ್ದು ಈಗ ಅರ್ಥವಾಯಿತು.

ಖುಲ್ನಾದ ಕೆಳಗೆ, ನದಿಯ ಏರಿಯ ಮೇಲೆ

ಗಾಬಿನ ಮರ ಇರಲಿಲ್ಲ. ಕಾಳಿಯ ಗುಡಿಯೂ ಇರಲಿಲ್ಲ. ಮಾಸಿ ಹೇಳಿದ ಜಾಗದಲ್ಲಿ ದೋಣಿಯವನು ಹುಟ್ಟು ನಿಲ್ಲಿಸಿ ಕೆಳಗೆ ಕೈ ತೋರಿಸಿದ. ಊರು ನೀರಿನೊಳಗಿತ್ತು. ನದಿ ಪಕ್ಕ ಬದಲಿಸಿ ಅದನ್ನು ತಿಂದು ಬಹಳ ಕಾಲವಾಗಿತ್ತು. ಉಳಿದವರು ಏರಿಯ ಮೇಲೆ ಹೊಸ ಗುಡಿಸಲು ಕಟ್ಟಿಕೊಂಡಿದ್ದರು. ಏರಿಯ ಒಳಗೆ ಭತ್ತದ ಗದ್ದೆಗಳಿಗೆ ಉಪ್ಪುನೀರು ಬಿಟ್ಟು ಸಿಗಡಿ ಸಾಕುತ್ತಿದ್ದರು. ನಮ್ಮ ಸೀಮೆಗೆ ಒಳ್ಳೆಯ ಭತ್ತದ ನಾಟಿ ತೋರಿಸಿಕೊಟ್ಟ ಜನರ ತವರಿನಲ್ಲಿ ಭತ್ತವೇ ಇರಲಿಲ್ಲ. ಸಿಂಧನೂರಿನಲ್ಲಿ ನೀರು ಹೆಚ್ಚಾಗಿ ಸವುಳಾದ ಹೊಲಗಳು ನೆನಪಾದವು. ಅಲ್ಲಿ ಅದು ಬೇಡದೆ ಬಂದ ಉಪ್ಪು. ಇಲ್ಲಿ ಬೇಕೆಂದೇ ತುಂಬಿಸುತ್ತಿದ್ದರು.

ದೋಣಿಯಿಂದ ಇಳಿಯುವಾಗ ನನ್ನ ಕಾಲು ಮೊಣಕಾಲಿನವರೆಗೆ ಹೂತಿತು. ನಮ್ಮ ಎರೆಮಣ್ಣು ಚಪ್ಪಲಿಗೆ ಮೆತ್ತಿಕೊಳ್ಳುತ್ತದೆ, ಅಲ್ಲಿಯದು ಚಪ್ಪಲಿಯನ್ನೇ ಇಟ್ಟುಕೊಳ್ಳುತ್ತದೆ. ಒಂದು ಚಪ್ಪಲಿ ಕೈಯಲ್ಲಿ ಹಿಡಿದು ಏರಿ ಹತ್ತಿದ ನನ್ನನ್ನು ಕಂಡು ಒಬ್ಬ ಹೆಂಗಸು ಓಡಿಬಂದು ಬಿಂದಿಗೆಯಿಂದ ಕಾಲಿಗೆ ನೀರು ಹಾಕಿದಳು. ನಿಬಾರಣ ಮಂಡಲನ ಮನೆ ಯಾವುದು ಎಂದೆ.

"ಇದೇ," ಎಂದಳು. "ನಾನು ಅವರ ಹೆಂಡತಿ."

ಅವಳ ಹೆಸರು ಊರ್ಮಿಳಾ. ಕೈಯಲ್ಲಿ ಶಂಖದ ಬಳೆ, ಬೈತಲೆಯಲ್ಲಿ ಸಿಂಧೂರ. ನಾನು ಕಾಲು ತೊಳೆಯುತ್ತಲೇ ಇದ್ದೆ.

ಆತ ಮನೆಯಲ್ಲೇ ಇದ್ದ. ಒಣಕಲು ಮನುಷ್ಯ, ಬಲೆ ಹೆಣೆಯುತ್ತ ಕುಳಿತಿದ್ದ. ನಾನು ಪರದೇಶದಲ್ಲಿ ಓದುವವಳು, ಹಳೆಯ ಕಾಲದಲ್ಲಿ ಊರು ಬಿಟ್ಟವರ ಬಗ್ಗೆ ಕೇಳಲು ಬಂದಿದ್ದೇನೆ ಎಂದೆ. ಅದು ಸುಳ್ಳಲ್ಲ. ಊಟವಾಗದೆ ಮಾತಿಲ್ಲ ಎಂದ. ನಾನು ಮೀನು ತಿನ್ನುವುದಿಲ್ಲ ಎಂದಾಗ ಊರ್ಮಿಳಾ ನನ್ನ ಬರಿಗೈ ನೋಡಿದಳು, ಬರಿ ಬೈತಲೆ ನೋಡಿದಳು, ಹತ್ತಿರ ಬಂದು ಬೆನ್ನು ಸವರಿದಳು. "ಇಷ್ಟು ಚಿಕ್ಕ ವಯಸ್ಸಿಗೇ ಹೀಗಾಯಿತೇ ಮಾ?" ಎಂದು ದನಿ ತಗ್ಗಿಸಿ ಕೇಳಿದಳು. ಹೊಸ ಮಡಕೆ ತೆಗೆದು ನನಗಾಗಿ ಬೇರೆ ಒಲೆ ಹೂಡಿದಳು. ನನಗೆ ಮದುವೆಯೇ ಆಗಿಲ್ಲವೆಂದರೆ ಅವಳಿಗೆ ಇನ್ನೂ ಆಶ್ಚರ್ಯ. ಮದುವೆಯಾಗದ ಹುಡುಗಿ ಮೀನು ಬಿಡುವುದುಂಟೇ? ಮೂವರೂ ನಕ್ಕೆವು. ಆ ನಗು ಅಲ್ಲಿಗೇ ನಿಂತು ನಾನು ಎದ್ದು ಬಂದಿದ್ದರೆ ಎಂದು ಈಗಲೂ ಅನಿಸುವುದುಂಟು.

ಊಟದ ನಂತರ ಪ್ರಶ್ನಾವಳಿ ತೆಗೆದೆ. ಈ ಮನೆಯಿಂದ ಯಾರಾದರೂ ಹೋದರೇ ಎಂಬುದು ಮೊದಲ ಪ್ರಶ್ನೆ.

"ಮೊದಲ ಹೆಂಡತಿ," ಎಂದ. "ಮೂರು ದೋಣಿ ಬಿಟ್ಟಿದ್ದರು. ಒಂದು ಮುಳುಗಿತು. ಅದರಲ್ಲಿ ಶೈಲ ಇದ್ದಳೆಂದು ಬಂದವರು ಹೇಳಿದರು. ನದಿಯ ಕೆಳಗೆ ಹೋಗಿ ಹುಡುಕಿದೆ. ಬೇರೆಯವರ ಹೆಣ ಸಿಕ್ಕವು, ಅವಳದು ಸಿಗಲಿಲ್ಲ. ಸಿಗದ ಮೇಲೆ ಶಾಸ್ತ್ರದ ಪ್ರಕಾರ ಹನ್ನೆರಡು ವರ್ಷ ಕಾದೆ."

"ಅಲ್ಲಿಯವರೆಗೆ ಮದುವೆ?"

"ಹೇಗೆ ಆಗಲಿ? ಅವಳು ಪೂರ್ತಿ ಸತ್ತಿರಲಿಲ್ಲವಲ್ಲ." ಆತ ಬಲೆಯ ಗಂಟು ಬಿಗಿದ. "ಆಮೇಲೆ ಪುರೋಹಿತರನ್ನು ಕರೆಸಿ ದರ್ಭೆಯಲ್ಲಿ ಅವಳನ್ನು ಮಾಡಿದೆವು. ತಲೆಗೆ ತೆಂಗಿನಕಾಯಿ ಇಟ್ಟರು. ಇದೇ ನದಿಯ ದಡದಲ್ಲಿ ನಾನೇ ಬೆಂಕಿ ಕೊಟ್ಟೆ. ತಿಥಿ ಮಾಡಿದೆ. ಮರುವರ್ಷ ಇವಳನ್ನು ತಂದೆ. ಪ್ರತಿ ಮಹಾಲಯಕ್ಕೆ ಶೈಲಳ ಹೆಸರಿನಲ್ಲಿ ಎಳ್ಳುನೀರು ಬಿಡುತ್ತೇನೆ, ಒಂದು ವರ್ಷವೂ ತಪ್ಪಿಸಿಲ್ಲ."

"ದೀದಿಗೆ ದಿನವೂ ದೀಪ ಹಚ್ಚುತ್ತೇನೆ," ಎಂದು ಊರ್ಮಿಳಾ ತುಳಸಿಯ ಕಡೆ ತೋರಿಸಿದಳು. ಅಲ್ಲಿ ಎರಡು ಹಣತೆಗಳಿದ್ದವು.

ಯಾರೂ ತಪ್ಪು ಮಾಡದ ಕಡೆ ಇಂಥ ತಪ್ಪಾಗಬಹುದೆಂದು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಇವನು ಪದ್ಧತಿ ಬಿಡಲಿಲ್ಲ, ಅವಳು ಪದ್ಧತಿಗೆ ಬಗ್ಗಲಿಲ್ಲ. ಇಬ್ಬರೂ ಒಬ್ಬರಿಗೊಬ್ಬರು ನಿಯತ್ತಿನಿಂದ ಇದ್ದರು.

ಹೇಳಿದೆ. ಶೈಲಬಾಲಾ ಬದುಕಿದ್ದಾಳೆ, ನಮ್ಮ ಊರಿನ ಹತ್ತಿರ ತಮ್ಮನ ಮನೆಯಲ್ಲಿದ್ದಾಳೆ ಎಂದೆ.

ಆತ ನಂಬಲಿಲ್ಲ. ಅದೇ ಹೆಸರಿನವರು ಊರಿಗೆ ನಾಲ್ಕು ಜನರಿದ್ದರು ಎಂದ. ಬಲೆ ಪಕ್ಕಕ್ಕಿಟ್ಟ, ಮತ್ತೆ ತೆಗೆದುಕೊಂಡ. ನನ್ನ ಮುಖ ನೋಡದೆಯೇ ಕೇಳಿದ.

"ಅವಳು ಅಕ್ಕಿ ಕೇರುವುದು ಯಾವ ಕೈಯಿಂದ?"

"ಎಡಗೈಯಿಂದ," ಎಂದೆ. "ಹೊಟ್ಟು ಪಕ್ಕದವರ ಮೇಲೆ ಹಾರುತ್ತದೆ."

ಆತ ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡ. "ನಮ್ಮವ್ವ ಅದಕ್ಕೇ ಬಯ್ಯುತ್ತಿದ್ದಳು," ಎಂದಷ್ಟೇ ಹೇಳಿದ.

ಏನು ಹೇಳಲಿ ಅವಳಿಗೆ ಎಂದು ಕೇಳಿದೆ. ಆತ ತಡಮಾಡದೆ, "ಸತ್ತೆ ಎಂದು ಹೇಳು. ನಾನೇ ಸುಟ್ಟವನು, ಇನ್ನು ಯಾವ ಮುಖ ಹೊತ್ತು ಬದುಕಿದ್ದೇನೆ ಎನ್ನಲಿ?" ಎಂದ.

"ಬೇಡ ಮಾ," ಎಂದಳು ಊರ್ಮಿಳಾ. "ಗಂಡ ಕಣ್ಣೆದುರು ಕುಳಿತಿರುವಾಗ ಒಬ್ಬಳ ಕೈಯ ಶಂಖ ಒಡೆಸಬೇಡ. ಅದು ದೀದಿಗೂ ಪಾಪ, ಇವರ ಆಯುಷ್ಯಕ್ಕೂ ಒಳ್ಳೆಯದಲ್ಲ. ಇದ್ದಾರೆ ಎಂದೇ ಹೇಳು. ನಾನಿರುವುದನ್ನೂ ಹೇಳು."

ಮಾಸಿಗೆ ಕಳಿಸಲು ಏನಾದರೂ ಇದೆಯೇ ಎಂದು ಆತ ಗುಡಿಸಲಿನ ಸುತ್ತ ನೋಡಿದ. ಏನೂ ಸಿಗಲಿಲ್ಲ. ಬಂದು ನೋಡುತ್ತೇನೆ ಎಂದು ಆತ ಹೇಳಲಿಲ್ಲ, ನಾನೂ ಕೇಳಲಿಲ್ಲ. ಮುಸ್ಸಂಜೆಗೆ ಊರ್ಮಿಳಾ ತುಳಸಿಯ ಮುಂದೆ ಮೊದಲ ಹಣತೆ ಹಚ್ಚಿದಳು. ಎರಡನೆಯದರ ಮುಂದೆ ಬತ್ತಿ ಹಿಡಿದು ನಿಂತು ನನ್ನ ಕಡೆ ತಿರುಗಿದಳು.

"ಇದನ್ನು ಹಚ್ಚಲೋ ಬೇಡವೋ?"

ಅವಳು ಸ್ವಲ್ಪ ಕಾದು, ಅಭ್ಯಾಸದಂತೆ ಹಚ್ಚಿದಳು.

ಮತ್ತೆ ಆರ್.ಎಚ್. ಕ್ಯಾಂಪು

ದಾರಿಯುದ್ದಕ್ಕೂ ನಾನು ತಿಳಿಯುವ ಹಕ್ಕಿನ ಬಗ್ಗೆ ಓದಿದ್ದನ್ನೆಲ್ಲ ಮನಸ್ಸಿನಲ್ಲಿ ತಿರುವಿ ಹಾಕಿದೆ. ತಿಳಿದ ಮೇಲೆ ಆ ಹೆಂಗಸು ಆ ದಿನ ಸಂಜೆ ಮೀನು ತಿನ್ನಬೇಕೋ ಬೇಡವೋ ಎಂದು ಯಾರೂ ಬರೆದಿರಲಿಲ್ಲ. ರಾಯಚೂರಿನಲ್ಲಿ ಇಳಿದು ಬಸ್ಸು ಹತ್ತಿದಾಗ ಪಕ್ಕದ ಹೆಂಗಸು, ಎಲ್ಲಿಂದ ಬಂದಿ, ಯಾಕೆ ಮುಖ ಸಣ್ಣ ಮಾಡಿದ್ದಿ ಎಂದು ವಿಚಾರಿಸಿದಳು. ಇಡೀ ವರ್ಷ ಹಂಬಲಿಸಿದ್ದ ಪ್ರಶ್ನೆ. ನಾನು ಟಿಕೆಟ್ ಹುಡುಕುವವಳಂತೆ ಚೀಲದೊಳಗೆ ಕೈ ಹಾಕಿದೆ.

ಅವ್ವ ಮನೆಯಲ್ಲಿ ನನ್ನ ಮಾತನ್ನೆಲ್ಲ ಕೇಳಿ, "ಸುಮ್ಕ ಮನಿ ಸಿಗಲಿಲ್ಲ ಅಂದುಬಿಡು. ಹೊಳಿ ಊರು ನುಂಗೇತಿ ಅನ್ನಾದು ಖರೇನ ಐತೆಲ್ಲ," ಎಂದಳು. ಹಾಗೆ ಹೇಳುವ ಆಸೆ ನನಗೂ ಆಯಿತು. ಆದರೆ ಮಾಸಿ ಕೇಳಿದ್ದು ಸುದ್ದಿಯನ್ನು. ಅದು ನನ್ನ ಕೈಯಲ್ಲಿತ್ತು, ನನ್ನದಾಗಿರಲಿಲ್ಲ.

ಕ್ಯಾಂಪಿಗೆ ಹೋದಾಗ ಮಾಸಿ ತಮ್ಮನ ಅಂಗಳದಲ್ಲಿ ಅಕ್ಕಿ ಕೇರುತ್ತಿದ್ದಳು. ನನ್ನನ್ನು ಕಂಡವಳು ಮೊರ ನಿಲ್ಲಿಸಲಿಲ್ಲ.

"ಹೇಳು ಮಾ. ಇದ್ದಾನೋ, ಸತ್ತಾನೋ?"

"ಇದ್ದಾನ ಮಾಸಿ."

ಮೊರ ನಿಂತಿತು. ಅವಳ ಮುಖ ನಾನು ಎಂದೂ ಕಾಣದಷ್ಟು ಎಳೆಯದಾಯಿತು. ಅದನ್ನು ನೋಡುತ್ತ ಮುಂದಿನದನ್ನು ಹೇಳುವುದು ನನಗೆ ಬಹಳ ಕಷ್ಟವಾಯಿತು. ಮುಳುಗಿದ ದೋಣಿ ಹೇಳಿದೆ, ಹನ್ನೆರಡು ವರ್ಷ ಹೇಳಿದೆ, ದರ್ಭೆಯ ಗೊಂಬೆ, ಊರ್ಮಿಳಾ, ಎಳ್ಳುನೀರು, ಎರಡು ಹಣತೆ, ಎಲ್ಲ ಹೇಳಿದೆ. ಎಡಗೈಯ ಮಾತು ಬಂದಾಗ ಮಾತ್ರ ಅವಳ ತುಟಿ ಅಲುಗಿತು.

"ನಡುವಿನ ಮಾತು ಬ್ಯಾಡ ಅಂದಿದ್ದೆ," ಎಂದಳು ಕೊನೆಗೆ. "ಅದನ್ನ ತಂದಿಯಲ್ಲ."

"ತಪ್ಪಾತು ಮಾಸಿ."

"ನಿಂದೇನು ತಪ್ಪೈತಿ. ಅಂವಂದರೇ ಏನೈತಿ." ಅಕ್ಕಿಯಲ್ಲಿ ಬೆರಳಾಡಿಸಿದಳು. "ಹಂಗಾದ್ರ ಆ ಕಡೀಗಿ ನಾ ಸತ್ತೀನಿ. ಅಂವ ಇದ್ದಾನ. ಗಂಡನ ಮುಂದ ಹೋದಂಗಾತು. ನಿಮ್ಮ ಮಂದಿ ಏನಂತಾರ ಇದಕ್ಕ?"

"ಮುತ್ತೈದಿ ಸಾವು," ಎಂದೆ.

"ಹೂಂ. ನಮ್ಮಲ್ಲೂ ಅದು ಪುಣ್ಯವಂತರಿಗಿ." ಏನೋ ನೆನಪಾದಂತೆ ಮುಖ ಎತ್ತಿದಳು. "ಮಾ, ಗೊಂಬಿ ಸುಡೂ ಮುಂದ ಅದಕ್ಕ ಸಿಂಧೂರ ಹಚ್ಚಿದ್ರೇನು? ಮುತ್ತೈದಿ ಹೆಣಕ್ಕ ತಲಿತುಂಬ ಸಿಂಧೂರ ಹಚ್ಚಿ ಒಯ್ತಾರ ನಮ್ಮಲ್ಲಿ. ಬರೇ ಹುಲ್ಲು ಸುಟ್ರೋ, ಸಿಂಧೂರ ಹಚ್ಚಿ ಸುಟ್ರೋ?"

ನಾನು ಕೇಳಿರಲಿಲ್ಲ. ನಮ್ಮಲ್ಲಿ ಹೂಳುತ್ತಾರೆ, ಸುಡುವವರ ರೀತಿ ನನಗೆ ತಿಳಿಯದು ಎಂಬುದು ಒಂದು ನೆಪ. ಆದರೆ ಕುಂಕುಮ ಎಂದರೇನೆಂದು ನನಗೆ ತಿಳಿಯದೇ? ಊರು ಬಿಟ್ಟ ವರ್ಷ, ಹೋದವರ ಸಂಖ್ಯೆ, ಉಳಿದ ಭೂಮಿ, ಸಿಕ್ಕ ಪರಿಹಾರ, ಎಲ್ಲದಕ್ಕೂ ನನ್ನ ಪ್ರಶ್ನಾವಳಿಯಲ್ಲಿ ಜಾಗವಿತ್ತು. ಆತನ ಎದುರು ಮಧ್ಯಾಹ್ನದಿಂದ ಸಂಜೆಯವರೆಗೆ ಕುಳಿತಿದ್ದೆ. ಒಂದು ಮಾತು ಕೇಳಿದ್ದರೆ ಆತ ಹೇಳುತ್ತಿದ್ದ.

"ಕೇಳಲಿಲ್ಲ ಮಾಸಿ," ಎಂದೆ.

"ಅಷ್ಟು ದೂರ ಹೋಗಿದ್ದಿ," ಎಂದಳು. ಮೊರ ಎತ್ತಿಕೊಂಡಳು.

ಇಂಗ್ಲೆಂಡಿಗೆ ಹಿಂದಿರುಗಿ ಪ್ರಬಂಧ ಬರೆದುಕೊಟ್ಟೆ, ಮೇಡಂ ಮೆಚ್ಚಿದರು, ಪದವಿಯೂ ಬಂತು. ನಾಯಿ ಆ ಚಳಿಗಾಲ ಸತ್ತುಹೋಯಿತೆಂದು ಮೇಡಂ ನನ್ನೆದುರು ಅತ್ತರು, ನಾನೂ ಅತ್ತೆ, ನಾಯಿಗಾಗಿ ಮಾತ್ರವಲ್ಲ. ಮತ್ತೊಮ್ಮೆ ಖುಲ್ನಾಕ್ಕೆ ಹೋಗಿ ಆ ಒಂದು ಮಾತು ಕೇಳಿ ಬರಬೇಕೆಂದುಕೊಂಡೆ. ಮೊದಲ ವರ್ಷ ಕೆಲಸ ಹುಡುಕುವುದಾಯಿತು, ಎರಡನೆಯ ವರ್ಷ ಅಪ್ಪನ ಕಾಯಿಲೆ, ಆಮೇಲೆ ಒಂದಲ್ಲ ಒಂದು. ಹೋಗಲಿಲ್ಲ. ಆತ ಈಗಲೂ ಮಹಾಲಯಕ್ಕೆ ಎಳ್ಳುನೀರು ಬಿಡುತ್ತಾನೋ, ಆತನೇ ಇದ್ದಾನೋ ತಿಳಿಯದು.

ಮೊನ್ನೆ ಊರಿಗೆ ಹೋದಾಗ ಕ್ಯಾಂಪಿಗೂ ಹೋಗಿದ್ದೆ. ಬೆಳಗಿನ ಹೊತ್ತು. ಮಾಸಿ ಮಿಂದು ಬಂದು ಕಿಟಕಿಯ ಸಣ್ಣ ಕನ್ನಡಿಯೆದುರು ಕುಳಿತಿದ್ದಳು. ತಲೆ ಪೂರ್ತಿ ಬೆಳ್ಳಗಾಗಿದೆ. ಎಡಗೈ ಬೆರಳಿನಿಂದ ಸಿಂಧೂರ ತೆಗೆದು ಹಣೆಯಿಂದ ನೆತ್ತಿಯವರೆಗೆ ಎಳೆದಳು. ಒಮ್ಮೆ ಎಳೆದು, ಮತ್ತೆ ಅದರ ಮೇಲೆಯೇ ಇನ್ನೊಮ್ಮೆ ಎಳೆದಳು. ನಾನು ಬಾಗಿಲಲ್ಲಿ ನಿಂತದ್ದು ಅವಳಿಗೆ ಕನ್ನಡಿಯಲ್ಲಿ ಕಂಡಿತು.

"ಎರಡು ಸಲ ಯಾಕ ಮಾಸಿ?" ಎಂದೆ.

"ಒಂದು ನಂದು," ಎಂದಳು. "ಇನ್ನೊಂದು ಆ ಗೊಂಬೀದು. ಅವರು ಅಲ್ಲಿ ಮರ್ತಿದ್ರ ಇರ್ಲಿ ಅಂತ ಇಲ್ಲಿಂದ ಹಚ್ಚಾಕತ್ತೀನಿ."